ಅಳಬಾರದ ಕೂಸು

ಬಾವಿಯೊಳಗಿಂದ ಚುಂಯ್ ಅಂತ ಸದ್ದು ಬಂತು.

ಕಾದ ಕಬ್ಬಿಣ ನೀರಿಗೆ ಅದ್ದಿದರೆ ಬರುವ ಸದ್ದು. ಚಿಕ್ಕಬೈರಪ್ಪನಿಗೆ ಅದು ಹೊಸದಲ್ಲ. ಯಶವಂತಪುರದಲ್ಲಿ ಕಬ್ಬಿಣ ಕಾಯಿಸಿ ಬಡಿಯುವ ಕಾರ್ಖಾನೆಯಲ್ಲಿ ಅವನ ಕೆಲಸ. ಪಾಳಿಯುದ್ದಕ್ಕೂ ಕೇಳುವ ಸದ್ದೇ. ಆದರೆ ಈಗ ಅವನು ಕಾರ್ಖಾನೆಯಲ್ಲಿರಲಿಲ್ಲ. ಎರಡನೇ ಪಾಳಿ ಮುಗಿಸಿ, ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು, ಕೊಡಿಗೇಹಳ್ಳಿಯ ದ್ರಾಕ್ಷಿ ತೋಟದ ಪಕ್ಕದ ಕಾಲುದಾರಿಯಲ್ಲಿ ಮನೆಗೆ ಬರುತ್ತಿದ್ದ. ಕತ್ತಲು.

ನಿಂತ.

ಮತ್ತೆ... ಚುಂಯ್.

ಆಮೇಲೆ ಪಿಸುಮಾತು. ಹೆಣ್ಣು ದನಿ. ಬಾವಿ ಮೆಟ್ಟಿಲ ಕೆಳಗಿಂದ, ನೀರಿನ ಮಟ್ಟದಿಂದ.

“ಬೈರಾ... ಮಗ ಅಳ್ತೈತಾ?”

ತೋಟದವರು ಯಾರೋ ನೀರಿಗೆ ಇಳಿದಿದ್ದಾರೆ ಅಂದುಕೊಂಡ. “ಇಲ್ಲ” ಅಂದ.

“ಅಳುಸ್ತೀನಿ.”

ಆಗ ದನಿ ಯಾರದು ಅಂತ ಗೊತ್ತಾಯಿತು. ಆ ದನಿಯವಳು ಸತ್ತು ಮೂರು ವರ್ಷವಾಗಿತ್ತು. ಅದೇ ಬಾವಿಯಲ್ಲಿ.

ಚಿಕ್ಕಬೈರಪ್ಪ ಹೆದರುವ ಜಾತಿಯಲ್ಲ. ಬಗ್ಗಿದ. ಮುಷ್ಟಿ ಗಾತ್ರದ ಕಲ್ಲು ಎತ್ತಿ ಬಾವಿಗೆ ಎಸೆದ. ದುಡುಂ ಅನ್ನಲಿ ಅಂತ ಕಾದ. ಅನ್ನಲಿಲ್ಲ. ನೀರೇ ಇಲ್ಲದ ಹಾಗೆ... ಸದ್ದಿಲ್ಲ. ಸೈಕಲ್ ತಿರುಗಿಸಿದ.

ಕಲ್ಲು ವಾಪಸ್ ಬಂತು. ಟಪ್ ಅಂತ ಹಣೆಗೆ ಬಿತ್ತು. ಒದ್ದೆ ಕಲ್ಲು. ಚರ್ಮ ಹರಿದು ಮೂಳೆ ಕಂಡಿತು. ಸೈಕಲ್ ಅಲ್ಲೇ ಬಿಟ್ಟು ಓಡಿದ.

ಅವನು ನನ್ನ ದೊಡ್ಡಪ್ಪನ ಮಗ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ರಕ್ತ ಸುರಿಸಿಕೊಂಡು ನನ್ನ ಬಾಗಿಲಿಗೆ ಬಂದ, ತನ್ನ ಮನೆಗೆ ಹೋಗಲಿಲ್ಲ. ಬಾಗಿಲು ತಟ್ಟಲಿಲ್ಲ. ಉಗುರಿನಿಂದ ಕೆರೆದ.

“ಯಾರು?”

“ರಾಮಕೃಷ್ಣಾ... ಮೆತ್ತಗೆ ತಗಿ. ಕೂಸು ಎದ್ದಾತು.”

ಹಣೆ ಒಡೆದವನು ಹೇಳಿದ ಮೊದಲ ಮಾತು ಅದು.

ಕೂಸಿನ ಸಂಗತಿ ಹೇಳಬೇಕು. ಎಪ್ಪತ್ತೊಂಬತ್ತನೇ ಇಸವಿ, ಚಳಿಗಾಲ. ಗಂಡು ಕೂಸು. ಸಿಟಿಯ ದೊಡ್ಡಾಸ್ಪತ್ರೆಯಲ್ಲಿ ಹುಟ್ಟಿತು. ಹೆರಿಗೆ ತಡವಾಗಿತ್ತು. ಹುಟ್ಟಿದಾಗ ಸರಿಯಾಗಿ ಅಳಲಿಲ್ಲ. ಮೈ ನೀಲಿ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಕ್ಸಿಜನ್ ಕೊಟ್ಟರು. ಬಾಟಲಿಯ ನೀರಿನಲ್ಲಿ ಗಾಳಿ ಗುಳುಗುಳು ಅನ್ನುತ್ತಿತ್ತು. ಆ ಸದ್ದು ನಿಂತರೆ ಕೂಸಿನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

ಒಬ್ಬರು ಲೇಡಿ ಡಾಕ್ಟರು ಇದ್ದರು. ಒಳ್ಳೆಯವರು. ಚಿಕ್ಕಬೈರಪ್ಪ, ಅವನ ತಾಯಿ ಚನ್ನಕ್ಕ, ನಾನು, ಮೂವರನ್ನೂ ಬೆಂಚಿನ ಮೇಲೆ ಕೂರಿಸಿ ಹೇಳಿದರು.

“ಹೊಟ್ಟೇಲಿರುವಾಗ ಮಗು ಉಸಿರಾಡಲ್ಲ. ಶ್ವಾಸಕೋಶಕ್ಕೆ ರಕ್ತ ಹೋಗೋ ನಾಳಗಳು ಬಿಗಿದುಕೊಂಡಿರ್ತವೆ. ಹುಟ್ಟಿ ಉಸಿರು ತಗೊಂಡಾಗ ಸಡಿಲ ಆಗ್ಬೇಕು. ಇವನಿಗೆ ಆಗಿಲ್ಲ. ಅಲ್ಲಿ ಒತ್ತಡ ಜಾಸ್ತಿ. ರಕ್ತ ಒಳಗೆ ಹೋಗೋಕಾಗದೆ ಅಡ್ಡದಾರಿ ಹಿಡಿದು ಹಾಗೇ ಮೈಗೆ ತಿರುಗ್ತಿದೆ. ಅದಕ್ಕೇ ನೀಲಿ.”

“ಚೆನ್ನಾಗಿ ಅಳ್ಸಿದ್ರೆ ಸಡಿಲ ಆಗಾಕಿಲ್ವಾ ತಾಯಿ?” ಚನ್ನಕ್ಕ ಕೇಳಿದಳು.

“ಅಯ್ಯೋ, ಉಲ್ಟಾ ಅಮ್ಮ. ನೋವಾಗಿ ಕಿರುಚಿದ್ರೆ ಇನ್ನೂ ಬಿಗಿಯುತ್ತೆ. ಚಳಿ, ಹೊಗೆ, ನೋವು, ಗಾಬರಿ, ಯಾವುದೂ ಆಗಬಾರದು. ಅಳಿಸಬೇಡಿ. ಕೆಲವು ತಿಂಗಳು ಕಳೆದ್ರೆ ತಾನಾಗೇ ಸಡಿಲ ಆಗಬಹುದು. ಅಲ್ಲೀವರೆಗೆ ಉಳಿಸ್ಕೊಳ್ಳಿ.”

ಅಷ್ಟೇ. ಕೂಸು ಆಕ್ಸಿಜನ್ ಇಲ್ಲದೆ ಉಸಿರಾಡುವಂತಾದ ಮೇಲೆ ಹನಿ ಔಷಧಿ ಬರೆದು ಮನೆಗೆ ಕಳಿಸಿದರು. ಬರುವಾಗ ಬಸ್ಸಿನಲ್ಲಿ ಚಿಕ್ಕಬೈರಪ್ಪ ತಾಯಿಯ ಕಡೆ ತಿರುಗಿ ಒಂದು ಮಾತು ಹೇಳಿದ.

“ಕೇಳಿಸ್ತಾ ಅವ್ವಾ? ಅಳಿಸ್ಬಾರ್ದಂತೆ.”

ಅವಳು ತಲೆ ತಗ್ಗಿಸಿದಳು.

ಯಾಕೆ ಅಂದರೆ, ಇದು ಎರಡನೇ ಕೂಸು. ಮೊದಲನೆಯದು ಹೆಣ್ಣು, ಮನೆಯಲ್ಲೇ ಹುಟ್ಟಿತ್ತು. ಅದಕ್ಕೂ ಇದೇ ಕಾಯಿಲೆ ಇರಬೇಕು. ಅತ್ತರೆ ನೀಲಿಯಾಗುತ್ತಿತ್ತು. ಡಾಕ್ಟರಿಗೆ ತೋರಿಸಲಿಲ್ಲ. ಚನ್ನಕ್ಕ ಪಿಳ್ಳಕ್ಕನನ್ನು ಕರೆಸಿದಳು.

ಪಿಳ್ಳಕ್ಕ ಬರೆ ಹಾಕುವವಳು. ತಣಿಸಂದ್ರದಿಂದ ಹೆಬ್ಬಾಳದವರೆಗೆ ಯಾವ ಮನೆಯಲ್ಲಿ ಕೂಸಿಗೆ ಉಸಿರು ಕಟ್ಟಿದರೂ ಅವಳೇ. ಕುಡುಗೋಲನ್ನು ಕೆಂಡದಲ್ಲಿಟ್ಟು ಊದುಕೊಳವೆಯಿಂದ ಊದುತ್ತಿದ್ದಳು. ಕೆಂಪಗಾದ ಮೇಲೆ ತುದಿಯಿಂದ ಕೂಸಿನ ಎದೆಗೆ ಗೆರೆ ಎಳೆಯುತ್ತಿದ್ದಳು. ಎಳೆದು ನೀರಿಗೆ ಅದ್ದುತ್ತಿದ್ದಳು. ಚುಂಯ್. ಕೂಸು ಎಷ್ಟು ಜೋರಾಗಿ ಕಿರುಚಿದರೆ ಅಷ್ಟು ಒಳ್ಳೆಯದು ಅಂತ ಅವಳ ನಂಬಿಕೆ. “ಅಳಲಿ ಬುಡಿ, ಗಾಳಿ ಓಯ್ತದೆ” ಅನ್ನುತ್ತಿದ್ದಳು.

ಆ ಹೆಣ್ಣು ಕೂಸು ಕಿರುಚಿತು. ನೀಲಿಯಾಯಿತು. ಕಪ್ಪಾಯಿತು. ಬಾಯಿ ತೆರೆದ ಹಾಗೇ ಇತ್ತು, ಸದ್ದು ಮಾತ್ರ ನಿಂತಿತು.

ಚಿಕ್ಕಬೈರಪ್ಪ ಆಗ ತಾನೇ ಕೆಲಸದಿಂದ ಬಂದು ಹೊಸ್ತಿಲು ತುಳಿದಿದ್ದ. ಕೂಸು ನೋಡಿದ. ಪಿಳ್ಳಕ್ಕನ ತುರುಬು ಹಿಡಿದು ಹಿತ್ತಲಿಗೆ ಎಳೆದ. ಬಟ್ಟೆ ಒಗೆಯುವ ಕಲ್ಲಿಗೆ ಅವಳ ತಲೆ ಗುದ್ದಿದ. ಅವಳ ಕುಡುಗೋಲನ್ನೇ ಮತ್ತೆ ಕೆಂಡಕ್ಕಿಟ್ಟ. ಅವಸರ ಮಾಡಲಿಲ್ಲ. ಕೆಂಪಗಾಗುವವರೆಗೆ ಮಂಡಿಯಿಂದ ಅವಳ ಎದೆ ಅದುಮಿ ಹಿಡಿದಿದ್ದ. ಆಮೇಲೆ ಕೆನ್ನೆಗೆ ಅಡ್ಡಲಾಗಿ ಒತ್ತಿದ. ಚರ್ ಅಂತು. ಸುಟ್ಟ ಚರ್ಮದ ವಾಸನೆ ನನ್ನ ಅಡುಗೆಮನೆಗೂ ಬಂತು. ಬೇಲಿ ಹಾರಿ ಹೋಗಿ ನಾವು ಬಿಡಿಸಿದೆವು.

ಪಿಳ್ಳಕ್ಕ ಮುಖ ಹಿಡಿದುಕೊಂಡು ಕತ್ತಲಲ್ಲಿ ತೋಟದ ಕಡೆ ಓಡಿದಳು. ಉರಿಗೆ ನೀರು ಬೇಕಿತ್ತು. ಬೆಳಿಗ್ಗೆ ಬಾವಿಯಲ್ಲಿ ತೇಲುತ್ತಿದ್ದಳು. ಪೊಲೀಸರು ಬಂದರು. ಕಾಲು ಜಾರಿದೆ ಅಂದರು. ಹೋದರು. ಚಿಕ್ಕಬೈರಪ್ಪ ಅವಳ ಹಿಂದೆ ಹೋಗಿದ್ದನೋ ಇಲ್ಲವೋ... ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ತಾಯಿಗೆ ಮಾತ್ರ ಒಂದು ಮಾತು ಹೇಳಿದ್ದ. “ಕರೆಸಿದೋಳು ನೀನು.” ಆಮೇಲೆ ಆ ಮನೆಯಲ್ಲಿ ತಾಯಿ ಮಗನ ನಡುವೆ ಊಟಕ್ಕೆ ಕರೆಯುವಷ್ಟು ಮಾತು. ಹೆಚ್ಚಿಲ್ಲ.

ಈಗ ಅದೇ ಪಿಳ್ಳಕ್ಕ ಬಾವಿಯಿಂದ ಕೇಳಿದ್ದಳು. ಮಗ ಅಳ್ತೈತಾ ಅಂತ.

ಬೆಳಕಾದ ಮೇಲೆ ಇಬ್ಬರೂ ಸೈಕಲ್ ತರಲು ಹೋದೆವು. ಅದು ಬಾವಿಯೊಳಗಿತ್ತು. ಪಾತಾಳಗರಡಿ ಹಾಕಿ ಎತ್ತಿದೆವು. ಎರಡು ಚಕ್ರವೂ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಕಡ್ಡಿ ಒಂದೂ ಉಳಿದಿರಲಿಲ್ಲ.

ಆ ಮನೆಯಲ್ಲಿ ಆಗ ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಕೂಸು ಬೆಚ್ಚಬಾರದು. ಪಾತ್ರೆ ಸದ್ದಾಗಬಾರದು. ಬಾಣಂತಿ ಕೋಣೆಯಲ್ಲಿ ಕೆಂಡವಿಲ್ಲ, ಸಾಂಬ್ರಾಣಿ ಇಲ್ಲ. ಡಾಕ್ಟರು ಹೊಗೆ ಬೇಡ ಅಂದಿದ್ದರಲ್ಲ. ಕಂಬಳಿ, ಹಳೇ ಸೀರೆ, ಇಷ್ಟರಲ್ಲೇ ಬೆಚ್ಚಗಿಟ್ಟಿದ್ದರು. ಚಿಕ್ಕಬೈರಪ್ಪನ ಹೆಂಡತಿ ರತ್ನಕ್ಕ ಹಗಲೆಲ್ಲ ಕೂಸನ್ನು ಮಡಿಲಿನಿಂದ ಇಳಿಸುತ್ತಿರಲಿಲ್ಲ. ಹಸಿವಾಗುವ ಮೊದಲೇ ಮೊಲೆ ಕೊಡುತ್ತಿದ್ದಳು. ಹಸಿದರೆ ಅಳುತ್ತದೆ. ಕೂಸು ಉಸಿರು ಬಿಡುವಾಗ ನರಳಿದ ಹಾಗೆ ಸದ್ದು. ಹ್ಞೂ... ಹ್ಞೂ... ಹ್ಞೂ... ಗೋಡೆಯ ಈಚೆಗೂ ಕೇಳುತ್ತಿತ್ತು. ಅದು ಕೇಳುತ್ತಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಎದುರು ಮನೆ ನೂರುಲ್ಲಾನದು. ಇಟ್ಟಿಗೆ ಲಾರಿ ಡ್ರೈವರ್. ಬಾಯಿ ದೊಡ್ಡದು. ಒಂದು ಸಂಜೆ ಬಂದು ನಮ್ಮನ್ನು ನೋಡಿದ.

“ಏನ್ ಗುರು, ಎಲ್ಲಾ ಪಿಸಪಿಸ ಅಂತೀರಾ. ಯಾರ್ ಮನೆಗೆ ಕನ್ನ ಹಾಕೋದು?”

“ನಿಮ್ಮನೇಗೇ ಕಣೋ,” ಅಂದ ಚಿಕ್ಕಬೈರಪ್ಪ. “ಮೆತ್ತಗೆ ಮಾತಾಡು. ಕೂಸು ಮಲಗೈತೆ.”

“ಮೆತ್ತಗಾ? ನಾನಾ? ನಮ್ಮ ಅಮ್ಮೀಜಾನ್ ಕೇಳಿದ್ರೆ ನಗ್ತಾರೆ.”

ನಕ್ಕ. ಆದರೆ ಮಾರನೆಯ ದಿನದಿಂದ ಅವನು ಬೆಳಗಿನ ಜಾವ ಮನೆ ಮುಂದೆ ಲಾರಿ ಸ್ಟಾರ್ಟ್ ಮಾಡಲಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಬಿಟ್ಟು, ಸದ್ದಿಲ್ಲದೆ ಉರುಳಿಸಿಕೊಂಡು, ಊರು ದಾಟಿದ ಮೇಲೆ ಸ್ಟಾರ್ಟ್ ಮಾಡುತ್ತಿದ್ದ. ಅಂಥವನು.

ಬಾವಿಯ ವಿಷಯ ಹೆಂಗಸರಿಗೆ ಹೇಳಬಾರದು ಅಂದುಕೊಂಡಿದ್ದೆವು. ಹೇಳುವ ಅಗತ್ಯವೇ ಬರಲಿಲ್ಲ.

ಮೊದಲು ಸದ್ದು ಶುರುವಾಯಿತು. ಅಡುಗೆಮನೆಯಲ್ಲಿ, ರಾತ್ರಿ. ಫೂ... ಫೂ... ಫೂ... ಊದುಕೊಳವೆಯ ಸದ್ದು. ಹೋಗಿ ನೋಡಿದರೆ ಒಲೆಯಲ್ಲಿ ಬೂದಿ. ಕೆಂಡವಿಲ್ಲ. ಬೂದಿಯ ಮೇಲೆ ನೀರು ಹೊಯ್ದರು. ಊದುಕೊಳವೆಯನ್ನು ಮುರಿದು ಹೊರಗೆ ಎಸೆದರು. ಮರುದಿನ ರಾತ್ರಿಯೂ ಅದೇ. ಫೂ... ಫೂ... ಊದಿದಾಗೆಲ್ಲ ಕೂಸು ಉಸಿರು ಹಿಡಿಯುತ್ತಿತ್ತು. ಸದ್ದು ನಿಂತರೆ ಬಿಡುತ್ತಿತ್ತು.

ಚನ್ನಕ್ಕ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಹೊಸ್ತಿಲ ಹೊರಗೆ ಪೊರಕೆ, ಹಳೇ ಚಪ್ಪಲಿ. ಚಿಕ್ಕಬೈರಪ್ಪ ತೊಟ್ಟಿಲ ತಲೆದೆಸೆಗೆ ಕುಡುಗೋಲು ಇಟ್ಟ. ನಮ್ಮ ಕಡೆ ಬಾಣಂತಿ ಹತ್ತಿರ ಕಬ್ಬಿಣ ಇಡುವುದು ಇದ್ದದ್ದೇ. ದೆವ್ವ ಕಬ್ಬಿಣಕ್ಕೆ ಹೆದರುತ್ತದೆ.

ಆಮೇಲೆ ರತ್ನಕ್ಕನಿಗೆ ಆಯಿತು.

ಬೆಳಗಿನ ಜಾವ ಹಿತ್ತಲಿಗೆ ಹೋಗಿದ್ದಳು. ಕೂಸು ಅತ್ತೆಯ ಮಡಿಲಲ್ಲಿತ್ತು. ಹಿಂದಿನಿಂದ ಯಾರೋ ತುರುಬಿಗೆ ಕೈ ಹಾಕಿದರು. ಕೆಡವಿದರು. ನೆಲದ ಮೇಲೆ ಎಳೆದರು. ಒಗೆಯುವ ಕಲ್ಲಿನವರೆಗೆ. ತಲೆ ಎತ್ತಿ ಗುದ್ದಿದರು. ಢಬ್... ಢಬ್... ಒದ್ದೆ ಬಟ್ಟೆ ಒಗೆದ ಹಾಗೆ. ನಾನು ಆ ಸದ್ದು ಕೇಳಿದ್ದೆ. ಇಷ್ಟು ಹೊತ್ತಿಗೇ ಬಟ್ಟೆ ಒಗೆಯುತ್ತಿದ್ದಾಳೆ ಅಂದುಕೊಂಡೆ.

ಅವಳು ಕೂಗಲಿಲ್ಲ. ಕೂಗಿದ್ದರೆ ನಾವೆಲ್ಲ ಓಡುತ್ತಿದ್ದೆವು. ಕೂಗಿದರೆ ಕೂಸು ಎದ್ದು ಅಳುತ್ತದೆ. ತನ್ನ ಮುಂಗೈ ತಾನೇ ಕಚ್ಚಿಕೊಂಡಳು. ತಲೆ ಒಡೆಯುತ್ತಿದ್ದರೂ ಕಚ್ಚಿಕೊಂಡೇ ಇದ್ದಳು. ಕಿವಿಯ ಹತ್ತಿರ ಬಂದು ಅದು ಕೇಳಿತಂತೆ.

“ಅಳಾಕಿಲ್ವಾ?... ನೀನೂ ಅಳಾಕಿಲ್ವಾ?”

ಬೆಳಕಿಗೆ ನಾವು ಎತ್ತಿದಾಗ ಮುಖ ಗುರುತು ಸಿಗುತ್ತಿರಲಿಲ್ಲ. ಮುಂಗೈಯಲ್ಲಿ ಅವಳದೇ ಹಲ್ಲು ನಾಟಿ ಮಾಂಸ ಬಂದಿತ್ತು. ಕಲ್ಲಿನ ಮೇಲೆ ಕೂದಲಿನ ಗಂಟು ಅಂಟಿತ್ತು. ಬಾಯಿ ಬಿಟ್ಟು ಕೇಳಿದ್ದು ಒಂದೇ. “ಮಗ ಮಲಗೈತಾ?”

“ಮಲಗೈತೆ,” ಅಂದಳು ಚನ್ನಕ್ಕ.

ಆ ದಿನ ಮಧ್ಯಾಹ್ನ ಚನ್ನಕ್ಕ ಮಗನ ಮುಂದೆ ನಿಂತಳು. ನಾನೂ ಅಲ್ಲಿದ್ದೆ. ಇಬ್ಬರೂ ಜಗಳವಾಡಿದ್ದು ಪಿಸುಮಾತಿನಲ್ಲೇ.

“ತೊಟ್ಟಿಲತ್ರ ಇರೋ ಕುಡುಗೋಲು ತಗ್ದಾಕು ಕಣ್ಲಾ.”

“ಯಾಕೆ?”

“ಅವ್ಳು ಕಬ್ಬಿಣಕ್ಕೆ ಎದರೋಳಾ? ಜೀವ್ಮಾನ ಎಲ್ಲಾ ಅದನ್ನೇ ಕೆಂಪಗೆ ಮಾಡ್ಕೊಂಡ್ ಬದುಕಿದೋಳು. ಅವ್ಳ ಕೈಗೆ ನೀನೇ ಕೊಟ್ಟಂಗೈತೆ.”

“ಗೊತ್ತಾಯ್ತು ಬುಡು. ಕಾವಲು ತಗಿ ಅಂತೀಯ.”

“ಇಲ್ಲ ಕಣ್ಲಾ ಬೈರಾ...”

“ಮೊದಲ್ನೇದಕ್ಕೂ ನೀನೇ ಕರ್ಕೊಂಬಂದೆ. ಇದ್ಕೂ ದಾರಿ ಮಾಡ್ತೀಯಾ? ಆಸ್ಪತ್ರೇಲೂ ಅಳ್ಸಾದು ಕೇಳ್ತಿದ್ದೆ. ನಂಗೆ ಮರ್ತೋಗಿಲ್ಲ. ಕೇಳು ಅವ್ವಾ... ತೊಟ್ಟಿಲತ್ರ ನಿನ್ ಕೈ ಕಂಡ್ರೆ ಮುರ್ದಾಕ್ತೀನಿ.”

“ಮುರಿ. ಕುಡುಗೋಲು ತಗಿ.”

ಅವನು ತೆಗೆಯಲಿಲ್ಲ. ಇನ್ನೊಂದು ತಂದು ಪಕ್ಕಕ್ಕಿಟ್ಟ.

ಅವತ್ತಿನಿಂದ ಕೆಲಸಕ್ಕೆ ಹೋಗುವುದನ್ನೂ ಬಿಟ್ಟ. ಒನಕೆ ಮಗ್ಗುಲಿಗಿಟ್ಟುಕೊಂಡು ಕೋಣೆಯ ಬಾಗಿಲಿಗೆ ಅಡ್ಡ ಮಲಗುತ್ತಿದ್ದ. ಚನ್ನಕ್ಕನ ಚಾಪೆಯನ್ನು ಅಡುಗೆಮನೆಗೆ ಹಾಕಿಸಿದ. ಕೂಸು ಒಂದೊಂದು ದಿನ ಉಸಿರು ಚೆನ್ನಾಗಿ ಆಡುತ್ತಿತ್ತು. ತುಟಿಯ ನೀಲಿ ಸ್ವಲ್ಪ ಇಳಿದಿತ್ತು. ಒಮ್ಮೆ ನನ್ನ ಬೆರಳು ಹಿಡಿದುಕೊಂಡಿತು. ಬಿಗಿಯಾಗಿ. ಬದುಕುತ್ತದೆ ಅಂತ ನಾನೂ ಅಂದುಕೊಂಡೆ. ರತ್ನಕ್ಕ ತಲೆಗೆ ಬಟ್ಟೆ ಸುತ್ತಿಕೊಂಡು, ಊದಿದ ಕಣ್ಣಿನಲ್ಲೇ ಕೂಸು ನೋಡಿ ನಗುತ್ತಿದ್ದಳು.

ಹೀಗಿರುವಾಗ ಒಂದು ರಾತ್ರಿ ನಡೆದದ್ದನ್ನು ಚಿಕ್ಕಬೈರಪ್ಪ ನನಗೆ ಹೇಳಿದ ಹಾಗೆ ಹೇಳುತ್ತೇನೆ.

ಕಣ್ಣು ಹತ್ತಿತ್ತು. ಎಚ್ಚರವಾದದ್ದು ಸದ್ದಿನಿಂದಲ್ಲ. ಸದ್ದು ನಿಂತದ್ದರಿಂದ. ಕೂಸಿನ ಹ್ಞೂ... ಹ್ಞೂ... ಇರಲಿಲ್ಲ. ಲಾಂದ್ರ ಆರಿತ್ತು. ಫೂ... ಫೂ... ಅಡುಗೆಮನೆಯಿಂದಲ್ಲ. ಕೋಣೆಯ ಒಳಗಿಂದ.

ತೊಟ್ಟಿಲ ಮೇಲೆ ಕೆಂಪು ಬೆಳಕು. ಬಾಗಿದ ಬೆಳಕು. ಕುಡುಗೋಲು. ಹಿಡಿಯವರೆಗೂ ಕೆಂಪಗೆ ಕಾದಿತ್ತು. ಅದರ ಬೆಳಕಿನಲ್ಲಿ ಒಂದು ಮುಖ ಕಂಡಿತು. ಅವನ ತಾಯಿಯದು. ಹಲ್ಲು ಕಚ್ಚಿದ್ದಳು. ಬಲಗೈ ಕುಡುಗೋಲಿನ ಕಡೆಗೆ ಚಾಚಿತ್ತು. ಮುಂದಕ್ಕೂ ಹಿಂದಕ್ಕೂ ಜಗ್ಗುತ್ತಿತ್ತು. ಬೇರೆ ಯಾರೂ ಕಾಣಲಿಲ್ಲ.

ಬಾಗಿಲಿಗೆ ಅವನು ಅಡ್ಡ ಮಲಗಿದ್ದ. ದಾಟಿ ಒಳಗೆ ಹೋಗಿದ್ದಾಳೆ.

ಅವನು ಕೂಗಲಿಲ್ಲ. ಕೂಸು ಎದ್ದೀತು ಅಂತ. ಒನಕೆ ಎತ್ತಿದ. ಪೂರ್ತಿ ಬಲ ಹಾಕಿ ಬೀಸಿದ.

ಕಟ್.

ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ಕೈ ಹಸಿ ಕೊಂಬೆಯ ಹಾಗೆ ಜೋತು ಬಿತ್ತು. ಚನ್ನಕ್ಕ ಗೋಡೆಗೆ ಹೋಗಿ ಬಿದ್ದಳು. ಕುಡುಗೋಲು ಕೆಳಗೆ ಇಳಿಯಿತು.

ಚರ್...

ಆಗ ಕೂಸು ಕಿರುಚಿತು.

ಗೋಡೆಯ ಈಚೆ ನಾನು ಎದ್ದು ಕುಳಿತೆ. ಆ ಕೂಸಿನ ಅಳು ನಾನು ಕೇಳಿದ್ದು ಅದೇ ಮೊದಲು. ದೊಡ್ಡ ದನಿ. ಒಳ್ಳೆ ಗಂಟಲು. ಊರಿನ ನಾಯಿಗಳೆಲ್ಲ ಎದ್ದವು.

ನಾನು ಓಡಿ ಹೋದಾಗ ಚಿಕ್ಕಬೈರಪ್ಪ ಕೂಸು ಎತ್ತಿಕೊಂಡು ಹೊರಗೆ ಬಂದಿದ್ದ. ರತ್ನಕ್ಕ ಒಳಗೆ ನೆಲದ ಮೇಲಿದ್ದಳು. ಎಚ್ಚರವಿದ್ದಳು, ಏಳಲು ಆಗುತ್ತಿರಲಿಲ್ಲ. ಕೂದಲನ್ನು ಯಾರೋ ನೆಲಕ್ಕೆ ಒತ್ತಿ ಹಿಡಿದಿದ್ದರು ಅಂದಳು. ಕೂಸು ಕಿರುಚಿದ ಮೇಲೆಯೇ ಬಿಟ್ಟದ್ದು.

ಚನ್ನಕ್ಕ ಮೂಲೆಯಲ್ಲಿದ್ದಳು. ನಾನು ಅವಳ ಕಡೆ ತಿರುಗಿದೆ.

“ನಂಗೇನಾಗಿಲ್ಲ. ಓಗು... ಕೂಸು...”

ನೂರುಲ್ಲಾ ಆಗಲೇ ಎದ್ದು ಬಂದಿದ್ದ. ಏನು ಅಂತ ಕೇಳಲಿಲ್ಲ. ಕೂಸಿನ ಮುಖ ನೋಡಿದ. “ಹತ್ತು, ಹತ್ತು” ಅಂದ. ಮನೆ ಮುಂದೆಯೇ ಲಾರಿ ಸ್ಟಾರ್ಟ್ ಮಾಡಿದ. ಗುರ್ ಅಂತ ಊರೇ ಅದುರಿತು. ಇನ್ನು ಯಾರೂ ಸದ್ದಿಗೆ ಹೆದರಬೇಕಿರಲಿಲ್ಲ.

ಮುಂದೆ ಮೂವರೂ ಕುಳಿತೆವು. ಬಳ್ಳಾರಿ ರಸ್ತೆ ಖಾಲಿ. ಕೂಸು ಅಳುತ್ತಿತ್ತು. ಅಳುತ್ತ ಅಳುತ್ತ ಬಣ್ಣ ತಿರುಗಿತು. 

“ಅಳ್ಬ್ಯಾಡ ಕಂದಾ... ಅಳ್ಬ್ಯಾಡ...” ಚಿಕ್ಕಬೈರಪ್ಪ ಇನ್ನೂ ಪಿಸುಗುಟ್ಟುತ್ತಲೇ ಇದ್ದ. ಲಾರಿಯ ಸದ್ದಿನಲ್ಲಿ ಅದು ಅವನಿಗೇ ಕೇಳುತ್ತಿರಲಿಲ್ಲ.

ಹೆಬ್ಬಾಳ ಕೆರೆ ಏರಿಗೆ ಬರುವಷ್ಟರಲ್ಲಿ ಅಳು ಸಣ್ಣದಾಯಿತು. ಮೇಕ್ರಿ ಸರ್ಕಲ್ಲಿಗೆ ಬಂದಾಗ ಅಳು ಇರಲಿಲ್ಲ. ಬಾಯಿ ತೆರೆದಿತ್ತು. ಎದೆ ಗೂಡಿನ ಕೆಳಗೆ ಚರ್ಮ ಒಳಕ್ಕೆ ಸೇದುತ್ತಿತ್ತು. ಉಗುರು ಶಾಯಿ ಬಣ್ಣ.

“ಊದು ಬಾಯಿಗೆ,” ಅಂದ ನೂರುಲ್ಲಾ, ರಸ್ತೆಯಿಂದ ಕಣ್ಣು ತೆಗೆಯದೆ. “ಊದೋ ರಾಮಣ್ಣಾ, ಏನಾದ್ರೂ ಮಾಡು. ಯಾ ಅಲ್ಲಾ...”

ಊದಿದೆ. ನನಗೆ ಗೊತ್ತಿದ್ದ ಹಾಗೆ. ಕೂಸಿನ ಬಾಯಿ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಅದೇ ಲೇಡಿ ಡಾಕ್ಟರು ಇದ್ದರು. ಕಸಿದುಕೊಂಡ ಹಾಗೆ ಕೂಸು ತೆಗೆದುಕೊಂಡರು. ಮುಖಕ್ಕೆ ರಬ್ಬರಿನ ಬಟ್ಟಲು ಒತ್ತಿ ಬಲೂನು ಹಿಚುಕಿದರು. ಪಸ್... ಪಸ್... ಪಸ್... ನರ್ಸು ಬಟ್ಟೆ ಬಿಚ್ಚಿದಳು. ಎದೆಯ ಮೇಲೆ ಒಂದು ಗೆರೆ. ಮೊಲೆತೊಟ್ಟಿನಿಂದ ಹೊಕ್ಕುಳವರೆಗೆ. ಚರ್ಮ ಸುಲಿದು ಬಿಳಿ ಕಾಣುತ್ತಿತ್ತು.

ಡಾಕ್ಟರ ಕೈ ನಿಲ್ಲಲಿಲ್ಲ. “ಯಾರು ಬರೆ ಹಾಕಿದ್ದು?” ಅಂದರು.

“ನಮ್ಮವ್ವ,” ಅಂದ ಚಿಕ್ಕಬೈರಪ್ಪ.

ಅವರು ಹಿಚುಕುತ್ತಲೇ ಇದ್ದರು. ಬೆಳಕು ಹರಿಯುವ ಮೊದಲು ನಿಲ್ಲಿಸಿದರು. ಕೈ ಸೋತು ಅಲ್ಲ.

ವಾಪಸ್ ಬರುವಾಗ ನೂರುಲ್ಲಾ ಲಾರಿಯನ್ನು ಬಹಳ ನಿಧಾನ ಓಡಿಸಿದ. ಯಾಕೋ ಗೊತ್ತಿಲ್ಲ. ಒಂದು ಕಡೆಯೂ ಹಾರ್ನ್ ಹೊಡೆಯಲಿಲ್ಲ.

ಕೂಸನ್ನು ಮಣ್ಣು ಮಾಡಿ ಬಂದು ಚಿಕ್ಕಬೈರಪ್ಪ ನೇರ ಅಡುಗೆಮನೆಗೆ ಹೋದ. ಚನ್ನಕ್ಕ ಮುರಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು. ಅವನು ಒದ್ದ. ಕುಳಿತವಳು ಉರುಳಿದಳು. ಮತ್ತೆ ಒದ್ದ. ಪಕ್ಕೆಗೆ, ಹೊಟ್ಟೆಗೆ. ನಾನು ಅವನ ಸೊಂಟ ಹಿಡಿದು ಎಳೆದೆ. ನನ್ನ ಮುಖಕ್ಕೂ ಮೊಣಕೈ ಬಿತ್ತು, ಹಲ್ಲು ಹೋಯಿತು.

“ನೀನೇ ತಾನೇ? ಏಳು. ನೀನೇ ತಾನೇ?”

ಅವಳು ಅವನ ಮುಖ ನೋಡಿದಳು.

“ಊಂ,” ಅಂದಳು. “ನಾನೇ.”

ಅವನು ಅವಳ ಚಾಪೆ, ತಟ್ಟೆ, ಚೊಂಬು ಎಲ್ಲ ಎತ್ತಿ ಕೊಟ್ಟಿಗೆಗೆ ಎಸೆದ. ಆಮೇಲೆ ಅವಳ ಜೊತೆ ಮಾತಾಡಲಿಲ್ಲ. ಅವಳು ಸಾಯುವವರೆಗೂ.

ತೊಟ್ಟಿಲ ಹತ್ತಿರ ಎರಡು ಕುಡುಗೋಲಿದ್ದವಲ್ಲ, ಒಂದು ಸರಿಯಾಗಿತ್ತು. ಇನ್ನೊಂದರ ಮರದ ಹಿಡಿ ಪೂರ್ತಿ ಇದ್ದಿಲಾಗಿತ್ತು. ಮನೆಯಲ್ಲಿ ಆ ರಾತ್ರಿ ಬೆಂಕಿ ಇರಲಿಲ್ಲ. ಒಲೆಯ ಬೂದಿಗೆ ನಾನೇ ಕೈ ಹಾಕಿ ನೋಡಿದೆ. ಹಸಿ. ಇದನ್ನು ಚಿಕ್ಕಬೈರಪ್ಪನಿಗೆ ಹೇಳಿದೆ. ಅವನಿಗೆ ಬೇಕಿರಲಿಲ್ಲ.

ಮೂರನೆಯ ದಿನ ಚನ್ನಕ್ಕನನ್ನು ನಾನೇ ಯಲಹಂಕಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮೂಳೆ ಕಟ್ಟುವವನೊಬ್ಬನಿದ್ದ. ಮುದುಕ. ಸುತ್ತಿದ ಸೆರಗು ಬಿಚ್ಚಿ ಮಣಿಕಟ್ಟು ಒತ್ತಿ ನೋಡಿದ. ಅಂಗೈ ತಿರುಗಿಸಿದ. ಹುಬ್ಬು ಗಂಟಿಕ್ಕಿದ.

“ಏನವ್ವಾ, ಮುರಿದ ಕೈಲೂ ಬಟ್ಟೆ ಒಗೀತಿದ್ಯಾ?”

ಅಂಗೈ ಬೆಳ್ಳಗಿತ್ತು. ಬೆರಳ ತುದಿಯೆಲ್ಲ ಸುಕ್ಕು. ದಿನಗಟ್ಟಲೆ ನೀರಿನಲ್ಲಿ ನೆನೆದ ಕೈಯ ಹಾಗೆ. ಎಡಗೈ ಸರಿಯಾಗಿತ್ತು, ಒಣಗಿತ್ತು, ಕೆಲಸದ ಕೈ. ಬಲಗೈ ಮಾತ್ರ. ಅವನು ಬಟ್ಟೆಯಿಂದ ಒರೆಸಿದ. ಸೊಪ್ಪು ಅರೆದು ಬಿದಿರಿನ ದಬ್ಬೆ ಇಡುವಷ್ಟರಲ್ಲಿ ಮತ್ತೆ ಒದ್ದೆಯಾಗಿತ್ತು. ಬೆವರಿರಬೇಕು ಅಂದ. ಚಳಿಗಾಲ ಅದು.

ಕಟ್ಟು ಹಾಕಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದೆವು. ಆಗ ಹೇಳಿದಳು. ನಾನು ಕೇಳಿರಲಿಲ್ಲ.

“ನಾನು ಈ ಕೈಲೇ ಅವ್ಳ ಕೈ ಇಡ್ಕೊಂಡಿದ್ದೆ ಕಣಪ್ಪಾ.”

“ಯಾರ ಕೈ ದೊಡ್ಡವ್ವಾ?”

“ಪಿಳ್ಳೀದು. ಮಣಿಕಟ್ಟು. ಊದಾ ಸದ್ದು ಕೇಳ್ತು, ಎದ್ದೋದೆ. ಬೈರನ್ನ ದಾಟ್ಕೊಂಡೇ ಓದೆ. ಕುಡುಗೋಲು ಎತ್ತಿದ್ಳು. ಇಡ್ಕೊಂಡೆ. ತಣ್ಣಗೆ... ಕೊಳೆತ ಬಾಳೆದಿಂಡಿನಂಗೆ. ಎಳೀತಿದ್ಳು. ನಾನು ಬುಡ್ತಿರ್ಲಿಲ್ಲ. ಇನ್ನೊಂದು ಗಳಿಗೆ ಇಡ್ಕೊಂಡಿದ್ರೆ ಆಯ್ತಿತ್ತು... ಬೈರ ಒಡೆದ.”

ಬಸ್ಸು ಬಂತು. ಹತ್ತಲಿಲ್ಲ. ಹೋಯಿತು.

“ಅವನಿಗೆ ಹೇಳು.”

“ಬ್ಯಾಡ.”

“ನಿನ್ನ ಒದ್ದ. ಕೊಟ್ಟಿಗೇಲಿ ಹಾಕಿದ್ದಾನೆ.”

“ಆಕ್ಲಿ. ಏಳಿದ್ರೆ ನೇಣಾಕ್ಕೊಂತಾನೆ. ಅವನೇ ಬುಡ್ಸಿದ್ದು ಅಂತ ಗೊತ್ತಾದ್ರೆ ಒಂದಿನ ಬದ್ಕಾಕಿಲ್ಲ ಅವನು. ನಾನೇ ಆಕಿದ್ದು ಅಂತಾನೇ ಇರ್ಲಿ.” ಆಮೇಲೆ ಅಂದಳು, “ಮೊದಲ್ನೇದಕ್ಕೆ ಕರೆಸಿದೋಳು ನಾನಲ್ವಾ.”

ನಾನು ಹೇಳಲಿಲ್ಲ. ಚಿಕ್ಕಬೈರಪ್ಪ ಈಗಿಲ್ಲ. ರತ್ನಕ್ಕನೂ ಇಲ್ಲ. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಬಾವಿಯನ್ನು ತೋಟದವರು ಆ ವರ್ಷವೇ ಮುಚ್ಚಿಸಿದರು. ಆಮೇಲೆ ಅಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ.

ಚನ್ನಕ್ಕ ಕೊಟ್ಟಿಗೆಯಲ್ಲೇ ಇದ್ದಳು. ಕೈ ಕೂಡಿಕೊಂಡಿತು, ಸ್ವಲ್ಪ ಸೊಟ್ಟ. ಎಂಬತ್ತಾರರಲ್ಲಿ ಸತ್ತಳು. ಚಿಕ್ಕಬೈರಪ್ಪ ಮಣ್ಣಿಗೆ ಬರಲಿಲ್ಲ. ಗುಂಡಿ ಸುತ್ತ ಗಡಿಗೆ ಹೊತ್ತದ್ದು ನಾನು. ಹೆಣಕ್ಕೆ ನೀರು ಹಾಕಿದ ಹೆಂಗಸರು ಮೈಯೆಲ್ಲ ಒರೆಸಿ ಸೀರೆ ಉಡಿಸಿದ್ದರು. ಬಲಗೈ ಇಟ್ಟ ಕಡೆ ಸೀರೆ ನೆನೆದಿತ್ತು. ಮತ್ತೆ ಒರೆಸಿದರು. ಮತ್ತೆ ನೆನೆಯಿತು. ನಾನು ಆ ಕೈ ಎತ್ತಿ ನೋಡಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನು ನನ್ನ ಕೈಯಲ್ಲೇ ಹಿಡಿದು ನೋಡಿದ್ದು. ಅಂಗೈಯಿಂದ ನೀರು ಇಳಿಯುತ್ತಿತ್ತು. ಹಾಗೇ ಮಣ್ಣು ಮಾಡಿದೆವು.